"ಒಪ್ಪಿಕೊಳ್ಳಿ" ಅಂತಾರೆ, ಹೇಗೆ ಅಂತ ಯಾರೂ ಹೇಳಲ್ಲ

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿದ್ದವನು. ಸಾಗರ ತಾಲೂಕು. ನಿವೃತ್ತಿಯಾಗಿ ಎಂಟು ತಿಂಗಳಾಯಿತು. ಮೊದಲ ಎರಡು ತಿಂಗಳು ಚೆನ್ನಾಗಿತ್ತು. ಕಾಶಿಗೆ ಹೋಗಿ ಬಂದೆವು, ಪುಣೆಯಲ್ಲಿ ಮಗನ ಮನೆಯಲ್ಲಿ ಹದಿನೈದು ದಿನ ಇದ್ದೆವು. ಈಗ ದಿನವೇ ಮುಂದೆ ಹೋಗುವುದಿಲ್ಲ. ನಮ್ಮ ಮನೆ ಶಾಲೆಯ ಹಿಂದಿನ ಬೀದಿಯಲ್ಲೇ ಇದೆ. ಬೆಳಿಗ್ಗೆ ಪ್ರಾರ್ಥನೆಯ ಗಂಟೆ ಹೊಡೆದರೆ ಎದೆಯೊಳಗೆ ಏನೋ ಆಗುತ್ತದೆ. ಅದು ಕೇಳದಿರಲಿ ಅಂತ ಟಿವಿ ಜೋರು ಮಾಡಿಕೊಂಡು ಕೂರುತ್ತೇನೆ. ರಾತ್ರಿ 8:30ಕ್ಕೆ ಮಲಗಿದರೆ ಬೆಳಗಿನ ಜಾವ 4ಕ್ಕೆ ಎಚ್ಚರ, ಆಮೇಲೆ ನಿದ್ದೆ ಇಲ್ಲ. ಹಳೆಯ ವಿದ್ಯಾರ್ಥಿಗಳು ಎದುರಿಗೆ ಸಿಕ್ಕಿದರೆ ಹೆಸರು ನೆನಪಾಗುವುದಿಲ್ಲ. ಸಕ್ಕರೆ ಕಾಯಿಲೆಗೆ 9 ವರ್ಷದಿಂದ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿದ್ದೇನೆ. ಮಗಳು ಮದುವೆಯಾಗಿ ಉಡುಪಿಯಲ್ಲಿದ್ದಾಳೆ. ಹೊತ್ತು ಹೋಗಲಿ ಅಂತ ಅಡುಗೆಮನೆಯ ಡಬ್ಬಗಳನ್ನು ಎತ್ತರದ ಪ್ರಕಾರ ಜೋಡಿಸಿ ಚೀಟಿ ಅಂಟಿಸಿಕೊಟ್ಟೆ. "ನೀವಿನ್ನು ಒಳಗೆ ಬರಲೇಬೇಡಿ" ಅಂದಳು ಹೆಂಡತಿ. ಎಲ್ಲರೂ ಹೇಳುವುದು ಒಂದೇ: ಬದಲಾವಣೆ ಪ್ರಕೃತಿ ನಿಯಮ, ಒಪ್ಪಿಕೊಳ್ಳಿ, ನೆಮ್ಮದಿ ಸಿಗುತ್ತದೆ. ಒಪ್ಪಿಕೊಳ್ಳುವುದು ಅಂದರೆ ಏನು ಮಾಡಬೇಕು? ಹೇಗೆ ಮಾಡಬೇಕು?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ್ದು ಕೊನೆಯ ಆ ಎರಡು ಸಾಲು. ಮನೋವೈದ್ಯೆಯಾಗಿ 26 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. "ಒಪ್ಪಿಕೊಳ್ಳಿ" ಅಂತ ನಾನೂ ಸಾವಿರ ಸಲ ಹೇಳಿರಬೇಕು. ಹೇಗೆ ಅಂತ ತಿರುಗಿ ಕೇಳಿದವರು ತೀರಾ ಕಡಿಮೆ. ಗಣಿತದ ಮೇಷ್ಟ್ರಲ್ವಾ, ಬರೀ ಉತ್ತರ ಬರೆದರೆ ಅಂಕ ಕೊಡುವುದಿಲ್ಲ, ಹಂತ ತೋರಿಸಿ ಅನ್ನುತ್ತೀರಿ. ನ್ಯಾಯವೇ.

ಮೊದಲು ಒಂದು ವಿಷಯ. ನೀವು ಬರೆದಿರುವುದೆಲ್ಲ ಒಂದೇ ಜಾತಿಯ ಬದಲಾವಣೆಗಳಲ್ಲ. ಎಲ್ಲವನ್ನೂ ಒಂದೇ ಡಬ್ಬಕ್ಕೆ ತುಂಬಿ "ವಯಸ್ಸಾಯಿತು" ಅಂತ ಚೀಟಿ ಅಂಟಿಸಿದ್ದೀರಿ. ಆ ಡಬ್ಬದಲ್ಲಿ ಒಪ್ಪಿಕೊಳ್ಳಬೇಕಾದದ್ದೂ ಇದೆ, ಒಪ್ಪಿಕೊಳ್ಳಲೇಬಾರದ್ದೂ ಇದೆ. ಅಕ್ಕಿಯನ್ನು ಮೊರಕ್ಕೆ ಹಾಕಿ ಕಲ್ಲು ಆರಿಸದೆ ಅನ್ನಕ್ಕಿಟ್ಟರೆ ಏನಾಗುತ್ತದೆ ಅಂತ ಗೊತ್ತಲ್ಲ. ಮೊದಲು ಕಲ್ಲು ಆರಿಸೋಣ.

"ಎದೆಯೊಳಗೆ ಏನೋ ಆಗುತ್ತದೆ" ಅಂದಿದ್ದೀರಿ. ಅದು ಬೇಸರವೇ ಇರಬಹುದು. ಆದರೆ ನಿಮಗೆ 60, ಸಕ್ಕರೆ ಕಾಯಿಲೆ ಬೇರೆ ಇದೆ. ಸಕ್ಕರೆ ಕಾಯಿಲೆ ಇರುವವರಿಗೆ ಹೃದಯದ ತೊಂದರೆ ಎಲ್ಲರಿಗೆ ಬಂದ ಹಾಗೆ ಜೋರು ನೋವಾಗಿ ಬರಬೇಕೆಂದಿಲ್ಲ. ಸುಮ್ನೆ ಒಂದು ಥರ ಆಗುವುದು, ಸುಸ್ತು, ಬೆವರು, ಕೆಲವರಲ್ಲಿ ಲಕ್ಷಣ ಇಷ್ಟೇ ಇರಬಹುದು. ಅದಕ್ಕೆ ಮೊದಲು ಒಂದು ಇಸಿಜಿ ಮಾಡಿಸಿ, ವೈದ್ಯರಿಗೆ ತೋರಿಸಿ. ಮೆಟ್ಟಿಲು ಹತ್ತುವಾಗಲೂ ಹಾಗೆ ಆಗುತ್ತಿದ್ದರೆ ಈ ಉತ್ತರ ಪೂರ್ತಿ ಓದುವ ತನಕವೂ ಕಾಯಬೇಡಿ. ಮನಸ್ಸಿನ ಮಾತು ಆಮೇಲೆ ಆಡೋಣ.

ಎರಡನೆಯದು ನಿದ್ದೆ. ಇದು ನಿಮ್ಮದೇ ಲೆಕ್ಕ. 8:30ರಿಂದ 4 ಗಂಟೆಗೆ ಎಷ್ಟಾಯಿತು? ಏಳೂವರೆ ಗಂಟೆ. ನಿಮ್ಮ ವಯಸ್ಸಿಗೆ ಧಾರಾಳವಾಯಿತು ಮೇಷ್ಟ್ರೇ. ನಿದ್ದೆ ಬರುತ್ತಿಲ್ಲ ಅಂತ ಕೊರಗುತ್ತಿದ್ದೀರಿ, ನಿಜವಾಗಿ ನಿಮ್ಮ ನಿದ್ದೆ ಮುಗಿದಿರುತ್ತದೆ. ವಯಸ್ಸಾದಂತೆ ದೇಹದ ಒಳಗಿನ ಗಡಿಯಾರ ಸ್ವಲ್ಪ ಮುಂದೆ ಓಡುತ್ತದೆ. ಬೇಗ ತೂಕಡಿಕೆ, ಬೇಗ ಎಚ್ಚರ. ಗಾಢ ನಿದ್ದೆಯ ಪಾಲು ಕಡಿಮೆಯಾಗುತ್ತದೆ, ಮಧ್ಯೆ ಮಧ್ಯೆ ಎಚ್ಚರವಾಗುತ್ತದೆ. ಇದು ಪ್ರಕೃತಿಯದೇ ಕೆಲಸ, ಒಪ್ಪಿಕೊಳ್ಳಬೇಕಾದ ಪಟ್ಟಿಗೆ ಸೇರಿಸಿ. ಆದರೆ 8:30ಕ್ಕೆ ಮಲಗುವುದು ಪ್ರಕೃತಿ ಅಲ್ಲ. ಮಾಡಲು ಬೇರೆ ಕೆಲಸವಿಲ್ಲ ಅಂತ ಮಲಗುತ್ತಿದ್ದೀರಿ. ಸಂಜೆ ಬೆಳಕಿರುವಾಗ ಒಂದು ಸುತ್ತು ನಡೆದು ಬನ್ನಿ. ಸಂಜೆಯ ಬೆಳಕು ಒಳಗಿನ ಗಡಿಯಾರವನ್ನು ತುಸು ಹಿಂದಕ್ಕೆ ಎಳೆಯುತ್ತದೆ. ಹಾಸಿಗೆಗೆ 10 ಗಂಟೆಗೆ ಹೋಗಿ. ಮಧ್ಯಾಹ್ನ ಅರ್ಧ ಗಂಟೆಗಿಂತ ಜಾಸ್ತಿ ಮಲಗಬೇಡಿ.

ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. 4ಕ್ಕೆ ಎಚ್ಚರವಾದಾಗ ಆ ಹೊತ್ತು ನಿಮಗೆ ಹೇಗಿರುತ್ತದೆ? ಸುಮ್ಮನೆ ಬೇಜಾರಾ, ಅಥವಾ ಎದೆ ಮೇಲೆ ಗುಂಡುಕಲ್ಲು ಇಟ್ಟಂತೆ ಭಾರವಾ? ಬೆಳಗಿನ ಜಾವ ಅತಿ ಭಾರ, ಸಂಜೆ ಹೊತ್ತಿಗೆ ತುಸು ಹಗುರ. ಊಟ ರುಚಿಸುವುದಿಲ್ಲ. ಮೊದಲು ಇಷ್ಟವಾಗುತ್ತಿದ್ದದ್ದು ಈಗ ಯಾವುದೂ ಬೇಡ. ಬದುಕಿ ಏನು ಪ್ರಯೋಜನ ಅನ್ನುವ ಯೋಚನೆ. ಇಂಥವು ಎರಡು ವಾರಕ್ಕಿಂತ ಜಾಸ್ತಿ ದಿನ ಬಿಡದೆ ಕಾಡುತ್ತಿದ್ದರೆ ಅದಕ್ಕೆ ಖಿನ್ನತೆ ಅಂತ ಹೆಸರು. ಅದು ಕಾಯಿಲೆ, ಚಿಕಿತ್ಸೆ ಇದೆ, ವಾಸಿಯಾಗುತ್ತದೆ. ಖಿನ್ನತೆಯನ್ನು "ವಯಸ್ಸಿನ ಸಹಜ ಬದಲಾವಣೆ" ಅಂತ ಒಪ್ಪಿಕೊಂಡು ವರ್ಷಗಟ್ಟಲೆ ಕೂತವರನ್ನು ನಾನು ನೋಡಿದ್ದೇನೆ. ಮನೆಯವರೂ ಹಾಗೇ ಅಂದುಕೊಂಡಿರುತ್ತಾರೆ. "ಅಪ್ಪ ಈಗ ಜಾಸ್ತಿ ಮಾತಾಡಲ್ಲ, ವಯಸ್ಸಾಯಿತಲ್ಲ." ನನಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ. ನಿಮ್ಮ ಹತ್ತಿರದಲ್ಲಿ ಮನೋವೈದ್ಯರು ಇಲ್ಲದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬದುಕುವುದು ಬೇಡ ಅನ್ನುವ ಯೋಚನೆ ಬಂದಿದ್ದರಂತೂ ಇವತ್ತೇ ಮಾಡಿ, ಮನೆಯವರಿಗೂ ಹೇಳಿ.

ಹೆಸರು ಮರೆಯುವುದು. ಎದುರಿಗೆ ನಿಂತ ಹುಡುಗ ಯಾರು, ಯಾವ ಬ್ಯಾಚು, ಯಾವ ಬೆಂಚಿನಲ್ಲಿ ಕೂರುತ್ತಿದ್ದ, ಅವನಪ್ಪ ಏನು ಮಾಡುತ್ತಿದ್ದ, ಎಲ್ಲ ಗೊತ್ತು. ಹೆಸರು ಮಾತ್ರ ನಾಲಿಗೆ ತುದಿಯಲ್ಲಿ ನಿಂತುಬಿಡುತ್ತದೆ. ಸಂಜೆ ಸ್ನಾನಕ್ಕೆ ನೀರು ಸುರಿದುಕೊಳ್ಳುವಾಗ ತಟ್ಟನೆ ಬರುತ್ತದೆ. ಇದು ಸಹಜ. 40 ದಾಟಿದ ಮೇಲೆ ನಿಧಾನಕ್ಕೆ ಶುರುವಾಗುತ್ತದೆ. ದಿನಾ ಹೋಗುವ ದಾರಿ ತಪ್ಪುವುದು, ಬ್ಯಾಂಕಿನ ಚಲನ್ ತುಂಬಲು ತೋಚದಿರುವುದು, ಅರ್ಧ ಗಂಟೆಯ ಹಿಂದೆ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಇವು ಬೇರೆ. ಅವು ಇದ್ದರೆ ತೋರಿಸಬೇಕು. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ. ಆದರೆ ಮೆಟ್‌ಫಾರ್ಮಿನ್ 9 ವರ್ಷ ಅಂದಿರಲ್ಲ, ಅಲ್ಲಿ ನನ್ನ ಪೆನ್ನು ನಿಂತಿತು. ಒಳ್ಳೆಯ ಮಾತ್ರೆ ಅದು, ಬಿಡಬೇಡಿ. ಆದರೆ ಬಹಳ ವರ್ಷ ನುಂಗಿದರೆ ಕೆಲವರಲ್ಲಿ ಬಿ12 ವಿಟಮಿನ್ ಕಡಿಮೆಯಾಗುತ್ತದೆ. ಸಸ್ಯಾಹಾರಿಗಳಾದರೆ ಇನ್ನೂ ಬೇಗ. ಬಿ12 ಕಡಿಮೆಯಾದರೆ ಮರೆವು, ಸುಸ್ತು, ಮಂಕು, ಪಾದದಲ್ಲಿ ಜೋಮು, ಎಲ್ಲ ಬರಬಹುದು. ಒಂದು ರಕ್ತ ಪರೀಕ್ಷೆ, ಕಡಿಮೆ ಇದ್ದರೆ ಮಾತ್ರೆ ಅಥವಾ ಇಂಜೆಕ್ಷನ್. ಅದರ ಜೊತೆಗೇ ಥೈರಾಯ್ಡ್, ಹಿಮೋಗ್ಲೋಬಿನ್ ಕೂಡ ನೋಡಿಸಿ. ಬಿ12 ಕೊರತೆಯನ್ನು ಧ್ಯಾನ ಮಾಡಿ ಒಪ್ಪಿಕೊಳ್ಳಲು ಹೋಗಬೇಡಿ, ಆಯ್ತಾ?

ಇನ್ನೊಂದು ಸಣ್ಣ ಅನುಮಾನ. ಟಿವಿ ಜೋರು ಮಾಡುತ್ತೇನೆ ಅಂದಿದ್ದೀರಿ. ಗಂಟೆ ಕೇಳಬಾರದು ಅಂತಲೇ ಜೋರು ಮಾಡುವುದಾ, ಅಥವಾ ಸಂಜೆ ವಾರ್ತೆಗೂ ಅಷ್ಟೇ ಜೋರಾ? ವಯಸ್ಸಿಗೆ ಕಿವಿ ಮಂದವಾಗುವಾಗ ಮೊದಲು ಹೋಗುವುದು ಕೀರಲು ಸ್ವರಗಳು. ಗಂಡಸರ ದಪ್ಪ ದನಿ ಕೇಳುತ್ತದೆ, ಹೆಂಗಸರದ್ದು ಮಕ್ಕಳದ್ದು ಕಲಸಿಹೋಗುತ್ತದೆ. ಸ, ಶ, ತ ಇಂಥ ಅಕ್ಷರಗಳು ಜಾರಿಹೋಗುತ್ತವೆ. ಎಷ್ಟೋ ಮನೆಗಳಲ್ಲಿ "ಇವಳು ಯಾವಾಗಲೂ ಗೊಣಗುತ್ತಾಳೆ" ಅನ್ನುವ ದೂರಿನ ಹಿಂದೆ ಇರುವುದು ಇಷ್ಟೇ. ಕಿವಿಯ ಪರೀಕ್ಷೆಯನ್ನೂ ಮಾಡಿಸಿ.

ಕಲ್ಲು ಆರಿಸಿದ್ದಾಯಿತು. ಈಗ ಅಕ್ಕಿಯ ಮಾತು.

ನನ್ನದೇ ಒಂದು ಕಥೆ ಹೇಳುತ್ತೇನೆ. 45ನೇ ವಯಸ್ಸಿಗೆ ನನ್ನ ಕ್ಲಿನಿಕ್ಕಿನಲ್ಲಿ ಬೆಳಕು ಸಾಲುತ್ತಿಲ್ಲ ಅನ್ನಿಸಿತು. ಬಲ್ಬ್ ಬದಲಾಯಿಸಿದೆ. ಎರಡು ತಿಂಗಳಿಗೆ ಮತ್ತೂ ದೊಡ್ಡದು ಹಾಕಿಸಿದೆ. ಮಾತ್ರೆ ಪಟ್ಟಿಯ ಮೇಲೆ ಇಷ್ಟು ಸಣ್ಣಕ್ಷರ ಯಾಕೆ ಹಾಕುತ್ತಾರೋ ಅಂತ ಬೈದೆ. ಪುಸ್ತಕವನ್ನು ದೂರ ದೂರ ಹಿಡಿದು, ಕೊನೆಗೆ ಕೈಯೇ ಸಾಲದಾಯಿತು. ಒಂದು ದಿನ ನಮ್ಮ ಕಾಂಪೌಂಡರ್ ಏನೂ ಮಾತಾಡದೆ ಸಂತೆಯಿಂದ ತಂದ ಒಂದು ಓದುವ ಕನ್ನಡಕವನ್ನು ಮೇಜಿನ ಮೇಲಿಟ್ಟು ಹೋದ. ಹಾಕಿಕೊಂಡೆ. ಅಕ್ಷರಗಳೆಲ್ಲ ಎದ್ದು ನಿಂತವು! ಕಣ್ಣಿನೊಳಗಿನ ಮಸೂರ ವರ್ಷ ವರ್ಷಕ್ಕೆ ಗಟ್ಟಿಯಾಗುತ್ತಾ ಬರುತ್ತದೆ, ಬಾಗುವ ಗುಣ ಕಳೆದುಕೊಳ್ಳುತ್ತದೆ, 40ರಿಂದ 45ರ ಹೊತ್ತಿಗೆ ಹತ್ತಿರದ್ದು ಕಾಣುವುದಿಲ್ಲ. ವೈದ್ಯಕೀಯದ ಮೊದಲ ವರ್ಷದಲ್ಲೇ ಓದಿದ್ದೆ. ಆದರೂ ಒಂದು ವರ್ಷ ಬಲ್ಬಿನ ಜೊತೆ ಜಗಳವಾಡಿದೆ.

ಈಗಲೂ ನನಗೆ ಕನ್ನಡಕ ಇಷ್ಟವಿಲ್ಲ. ಬೆವರಿಗೆ ಜಾರುತ್ತದೆ, ಇಟ್ಟಲ್ಲಿ ಸಿಗುವುದಿಲ್ಲ. ದಿನಾ ಬೈಯುತ್ತೇನೆ. ಆದರೆ ಹಾಕಿಕೊಂಡೇ ಬೈಯುತ್ತೇನೆ. ನೀವು ಕೇಳಿದ "ಒಪ್ಪಿಕೊಳ್ಳುವುದು" ನನಗೆ ಗೊತ್ತಿರುವ ಮಟ್ಟಿಗೆ ಇಷ್ಟೇ. ಇಷ್ಟಪಡಬೇಕು, ನಗುನಗುತ್ತಾ ಇರಬೇಕು, ಬೇಸರವೇ ಬರಬಾರದು ಅಂತೇನಿಲ್ಲ. ಬಲ್ಬ್ ಬದಲಾಯಿಸುವುದನ್ನು ಬಿಟ್ಟರೆ ಸಾಕು.

ಹಾಗಾದರೆ ನಿಮ್ಮ ಬಲ್ಬ್ ಯಾವುದು? ಅದಕ್ಕೆ ಮುಂಚೆ ನಿವೃತ್ತಿಯ ಬಗ್ಗೆ ಒಂದು ತಕರಾರು ಇದೆ ನನ್ನದು. ಜನ ನಿಮಗೆ ಅದು ಪ್ರಕೃತಿ ನಿಯಮ ಅಂದಿದ್ದಾರೆ. ಯಾವ ಪ್ರಕೃತಿ? ಜರ್ಮನಿಯಲ್ಲಿ ಚಾನ್ಸಲರ್ ಬಿಸ್ಮಾರ್ಕ್ 1889ರಲ್ಲಿ ಮುಪ್ಪಿನ ಪಿಂಚಣಿ ತಂದಾಗ ವಯಸ್ಸು 70 ಅಂತ ಇಟ್ಟ. 1916ರಲ್ಲಿ ಅದನ್ನು 65 ಮಾಡಿದರು. ನಮ್ಮ ರಾಜ್ಯ ಸರ್ಕಾರಿ ನೌಕರರಿಗೆ ಮೊದಲು 58 ಇತ್ತು, ಆಮೇಲೆ 60 ಆಯಿತು. ಹೈಕೋರ್ಟ್ ನ್ಯಾಯಮೂರ್ತಿಗಳಿಗೆ 62, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಿಗೆ 65. ನ್ಯಾಯಮೂರ್ತಿಗಳ ಮಿದುಳು ಮೇಷ್ಟ್ರುಗಳ ಮಿದುಳಿಗಿಂತ ಐದು ವರ್ಷ ಜಾಸ್ತಿ ಬಾಳಿಕೆ ಬರುತ್ತದಾ? ಇನ್ನೂ ತಮಾಷೆ ಅಂದರೆ, ನಿಮ್ಮ ಪತ್ರ ಜನವರಿಯದು, ಎಂಟು ತಿಂಗಳು ಹಿಂದಕ್ಕೆ ಲೆಕ್ಕ ಹಾಕಿದರೆ ನೀವು ನಿವೃತ್ತರಾದದ್ದು ಮೇ ಕೊನೆಗೆ ಬೀಳುತ್ತದೆ. ನಿಮ್ಮ ತಲೆಮಾರಿನ ಎಷ್ಟೋ ಜನರ ಹುಟ್ಟಿದ ದಿನ ದಾಖಲೆಯಲ್ಲಿ ಜೂನ್ 1. ಮನೆಯಲ್ಲಿ ಯಾರೂ ಬರೆದಿಟ್ಟಿರಲಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ವಯಸ್ಸು ಕೂಡುವ ಹಾಗೆ ಒಂದು ದಿನ ಹಾಕಿಕೊಂಡರು. ನಿಮ್ಮದೂ ಹಾಗೇ ಆಗಿದ್ದರೆ, ನಿಮ್ಮನ್ನು ನಿವೃತ್ತಿ ಮಾಡಿಸಿದ್ದು ನಿಮ್ಮ ಒಂದನೇ ಕ್ಲಾಸಿನ ಮೇಷ್ಟ್ರು!

ಇದನ್ನು ಯಾಕೆ ಹೇಳಿದೆ ಅಂದರೆ, ನೀವು ಒಂದು ಕಚೇರಿ ಆದೇಶವನ್ನು ದೇಹಕ್ಕೂ ಅನ್ವಯ ಮಾಡಿಕೊಂಡಿದ್ದೀರಿ. ಮೇ ತಿಂಗಳಲ್ಲಿ ಸಂಜೆ ಹೊತ್ತಿಗೂ ಚುರುಕಾಗಿದ್ದವರು ಜನವರಿಗೆ 8:30ಕ್ಕೆ ಮಲಗುವ ಮುದುಕರಾದಿರಿ. ಅಷ್ಟು ಬೇಗ ಯಾರಿಗೂ ವಯಸ್ಸಾಗುವುದಿಲ್ಲ.

ಹಾಗಂತ ಅದು ಸಣ್ಣ ವಿಷಯ ಅಂತಲೂ ಅಲ್ಲ. 1967ರಲ್ಲಿ ಹೋಮ್ಸ್ ಮತ್ತು ರಾಹೆ ಅನ್ನುವ ಇಬ್ಬರು ಅಮೆರಿಕದ ಮನೋವೈದ್ಯರು ಬದುಕಿನ 43 ಘಟನೆಗಳ ಪಟ್ಟಿ ಮಾಡಿ, ಯಾವುದು ಮನುಷ್ಯನನ್ನು ಎಷ್ಟು ಅಲುಗಾಡಿಸುತ್ತದೆ ಅಂತ ಅಂಕ ಕೊಟ್ಟರು. ಸಂಗಾತಿಯ ಸಾವಿಗೆ 100. ಮದುವೆಗೆ 50. ನಿವೃತ್ತಿಗೆ 45. ಮದುವೆಗೂ ನಿವೃತ್ತಿಗೂ ಐದೇ ಅಂಕದ ವ್ಯತ್ಯಾಸ! ಮದುವೆಗೆ ನಾವು ಆರು ತಿಂಗಳು ತಯಾರಿ ಮಾಡುತ್ತೇವೆ. ನಿವೃತ್ತಿಗೆ ಒಂದು ಶಾಲು, ಒಂದು ಹಾರ, ಒಂದು ಫಲತಾಂಬೂಲ, ಸಂಜೆ ಮನೆಗೆ. ನಿಮ್ಮ ಮೊದಲ ಎರಡು ತಿಂಗಳ ಉಲ್ಲಾಸ, ಆಮೇಲಿನ ಕುಸಿತ, ಅದೂ ಹೊಸದಲ್ಲ. ರಾಬರ್ಟ್ ಆಚ್ಲೆ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞರು 1970ರ ದಶಕದಲ್ಲೇ ಇದನ್ನು ಬರೆದಿದ್ದಾರೆ. ಮೊದಲು ಮಧುಚಂದ್ರ, ಆಮೇಲೆ ಭ್ರಮನಿರಸನ, ಆಮೇಲೆ ಹೊಸದಾಗಿ ದಿಕ್ಕು ಹುಡುಕುವುದು. ನೀವೀಗ ನಡುವಿನ ಮೆಟ್ಟಿಲ ಮೇಲಿದ್ದೀರಿ. ಸಮಯವೂ ಹಾಗೇ ಕೂಡಿಬಂದಿದೆ. ಜನವರಿ, ಫೆಬ್ರವರಿ ಅಂದರೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪೂರ್ವಸಿದ್ಧತಾ ಪರೀಕ್ಷೆ, ವಿಶೇಷ ತರಗತಿ. ವರ್ಷದಲ್ಲಿ ಗಣಿತದ ಮೇಷ್ಟ್ರನ್ನು ಎಲ್ಲರೂ ಹುಡುಕುವ ಕಾಲ. ಈ ಸಲ ಯಾರೂ ಹುಡುಕಲಿಲ್ಲ. ಅಕ್ಕಪಕ್ಕದವರೆಲ್ಲ ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿದ್ದಾರೆ. ನೀವೊಬ್ಬರೇ ಟಿವಿ ಮುಂದೆ. ನೋವಾಗದೆ ಇನ್ನೇನು?

ಈಗ ಗಂಟೆಗೆ ಬರೋಣ. ನಿಮ್ಮ ಬಲ್ಬ್ ಆ ಟಿವಿ.

1987ರಲ್ಲಿ ಡೇನಿಯಲ್ ವೆಗ್ನರ್ ಅನ್ನುವ ಮನಶ್ಶಾಸ್ತ್ರಜ್ಞರು ಒಂದು ಸರಳ ಪ್ರಯೋಗ ಮಾಡಿದರು. ವಿದ್ಯಾರ್ಥಿಗಳನ್ನು ಕೂರಿಸಿ, ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಮಾತ್ರ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಅಂದರು. ಗಂಟೆ ಬಾರಿಸುತ್ತಲೇ ಇತ್ತು. ಇನ್ನೂ ಮುಖ್ಯವಾದದ್ದು ಆಮೇಲಿನದು. ಈಗ ಬೇಕಾದರೆ ಯೋಚಿಸಿ ಅಂದಾಗ, ಮೊದಲೇ ಯೋಚಿಸಲು ಬಿಟ್ಟಿದ್ದವರಿಗಿಂತ ಇವರಿಗೆ ಕರಡಿ ಜಾಸ್ತಿ ಬಂತು. ತಡೆದದ್ದು ಇನ್ನೂ ಜೋರಾಗಿ ನುಗ್ಗಿತು. ನೀವು ದಿನಾ ಮಾಡುತ್ತಿರುವುದೂ ಇದೇ. ಟಿವಿ ಹಾಕಲು ನೀವು ಗಂಟೆ ಹೊಡೆಯುವ ಹೊತ್ತನ್ನು ಕಾಯಬೇಕು. ಅಂದರೆ ಒಂಬತ್ತು ಗಂಟೆಯಿಂದಲೇ ನಿಮ್ಮ ತಲೆಯಲ್ಲಿ ಆ ಗಂಟೆ ಹೊಡೆಯುತ್ತಿರುತ್ತದೆ. ಶಾಲೆಯಲ್ಲಿ ಹೊಡೆಯುವುದು ಒಂದೇ ಸಲ.

ಹಾಗಾಗಿ ಹೀಗೆ ಮಾಡಿ. ಇಸಿಜಿ ಸರಿ ಇದೆ ಅಂತಾದ ಮೇಲೆ, ಒಂದು ಬೆಳಿಗ್ಗೆ ಟಿವಿ ಹಾಕದೆ ಜಗಲಿಯ ಮೇಲೆ ಕೂರಿ. ಗಂಟೆ ಕೇಳಿ. ಪ್ರಾರ್ಥನೆಯೂ ಕೇಳಲಿ. ಒಳಗೆ ಏನಾಗುತ್ತದೆ ನೋಡಿ. ಗಂಟಲು ಕಟ್ಟುತ್ತದಾ, ಹೊಟ್ಟೆ ಕಿವುಚುತ್ತದಾ, ಕಣ್ಣು ತುಂಬುತ್ತದಾ? ತುಂಬಿದರೆ ತುಂಬಲಿ, 60 ವರ್ಷದ ಗಂಡಸಿನ ಕಣ್ಣಿನಿಂದಲೂ ನೀರು ಬರಬಹುದು. ಗಡಿಯಾರ ಹತ್ತಿರ ಇಟ್ಟುಕೊಳ್ಳಿ. ಎಷ್ಟು ಹೊತ್ತು ಇತ್ತು, ಹತ್ತು ಅಂಕಕ್ಕೆ ಎಷ್ಟು ಅಂಕದಷ್ಟು ಜೋರಿತ್ತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮರುದಿನ ಮತ್ತೆ. 14 ದಿನ. ನಕ್ಷೆ ಹಾಳೆಯ ಮೇಲೆ ಬಿಡಿಸಿದರೂ ನನ್ನ ಅಭ್ಯಂತರವಿಲ್ಲ. ರೇಖೆ ನೆಟ್ಟಗೆ ಇಳಿಯುತ್ತದೆ ಅಂತ ನಾನು ಹೇಳುವುದಿಲ್ಲ. ಒಂದು ದಿನ ಇಳಿದರೆ ಮರುದಿನ ಏರುತ್ತದೆ, ಶನಿವಾರ ಬೇರೆ ಥರ ಇರುತ್ತದೆ. ಆದರೆ ಒಂದು ಸಂಗತಿ ನಿಮ್ಮ ಕಣ್ಣಿಗೇ ಬೀಳುತ್ತದೆ. ನೋವು ಏರುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ತಾನಾಗಿ ಇಳಿಯುತ್ತದೆ. ನೀವು ಓಡಿಸಬೇಕಾದ್ದಿಲ್ಲ.

ಬರೆದು ಮುಗಿದ ತಕ್ಷಣ ಎದ್ದು ಒಂದು ಕೆಲಸಕ್ಕೆ ಕೈ ಹಾಕಿ. ಗಿಡಕ್ಕೆ ನೀರೋ, ಸೈಕಲ್ ಒರೆಸುವುದೋ. ಮನಸ್ಸು ಸರಿಯಾದ ಮೇಲೆ ಮಾಡುತ್ತೇನೆ ಅಂತ ಕಾಯಬೇಡಿ. ಸುಮಾರು 100 ವರ್ಷದ ಹಿಂದೆ ಜಪಾನಿನ ಶೋಮಾ ಮೊರಿಟಾ ಅನ್ನುವ ಮನೋವೈದ್ಯರು ತಮ್ಮ ರೋಗಿಗಳಿಗೆ ಇದನ್ನೇ ಕಲಿಸುತ್ತಿದ್ದರು. ಅವರ ಮಾತು "ಅರುಗಮಾಮ", ಅಂದರೆ ಇದ್ದದ್ದು ಇದ್ದ ಹಾಗೆ. ದುಗುಡ ಇದೆಯಾ, ಇರಲಿ. ಅಂಗಳ ಗುಡಿಸಬೇಕಾ, ಗುಡಿಸು. ಎರಡೂ ಒಟ್ಟಿಗೇ ನಡೆಯಬಹುದು.

ನನ್ನ ಅಪ್ಪ ಅಂಚೆ ಕಚೇರಿಯಲ್ಲಿದ್ದರು. ನಿವೃತ್ತಿಯಾದ ಮೇಲೂ ಕೈಗಡಿಯಾರ ಬಿಚ್ಚಲಿಲ್ಲ. ದಿನಾ ಸಂಜೆ 4 ಗಂಟೆಗೆ ನೋಡಿಕೊಂಡು "ಚೀಲ ಹೊರಟಿತು" ಅನ್ನುತ್ತಿದ್ದರು. ಟಪಾಲು ಚೀಲ ಕಟ್ಟಿ ಬಸ್ಸಿಗೆ ಹಾಕುವ ಹೊತ್ತು ಅದು. ಮೊದಮೊದಲು ಆ ಮಾತು ಹೇಳಿ ಮಂಕಾಗಿ ಕೂರುತ್ತಿದ್ದರು, ಅಮ್ಮ ಗಡಿಯಾರ ಬಿಚ್ಚಿಡಿ ಅಂತ ಜಗಳವಾಡುತ್ತಿದ್ದಳು. ವರ್ಷ ಎರಡು ವರ್ಷ ಕಳೆದ ಮೇಲೆ "ಚೀಲ ಹೊರಟಿತು" ಅಂದರೆ ನಮ್ಮನೆಯಲ್ಲಿ ಕಾಫಿಗೆ ನೀರಿಡುವ ಹೊತ್ತಾಯಿತು ಅಂತ ಅರ್ಥ. ಅಪ್ಪನಿಗೆ ಅಂಚೆ ಕಚೇರಿ ಮರೆತುಹೋಗಿರಲಿಲ್ಲ. ಮರೆಯಬೇಕಾಗಿಯೂ ಇರಲಿಲ್ಲ.

ಮುಂದೆ ಏನು ಅನ್ನುವ ಪ್ರಶ್ನೆ. "ಒಂದು ಹವ್ಯಾಸ ಬೆಳೆಸಿಕೊಳ್ಳಿ" ಅನ್ನುವ ಸಲಹೆಯನ್ನು ನಾನು ಕೊಡುವುದಿಲ್ಲ, ನನಗೆ ಅದರಲ್ಲಿ ನಂಬಿಕೆ ಕಡಿಮೆ. ಟ್ಯೂಷನ್ ಶುರು ಮಾಡಿ ಅಂತಲೂ ಈಗಲೇ ಹೇಳುವುದಿಲ್ಲ. ನಾಳೆಯೇ ಇಪ್ಪತ್ತು ಮಕ್ಕಳನ್ನು ಜಗಲಿಯಲ್ಲಿ ಕೂರಿಸಿಕೊಂಡರೆ ಅದು ಇನ್ನೂ ದೊಡ್ಡ ಬಲ್ಬ್ ಆಗಬಹುದು. ಆರು ತಿಂಗಳು ಬಿಟ್ಟು, ಗಂಟೆ ಕೇಳಿಯೂ ಆರಾಮಾಗಿ ಇರುವ ಹಾಗಾದ ಮೇಲೆ ಒಂದಿಬ್ಬರಿಗೆ ಹೇಳಿಕೊಡಿ, ತಪ್ಪೇನಿಲ್ಲ.

ಗಂಗೂಬಾಯಿ ಹಾನಗಲ್ ಅವರ ದನಿ ನೀವು ಕೇಳಿರುತ್ತೀರಿ. ಆಕಾಶವಾಣಿಯಲ್ಲಿ ಮೊದಲ ಸಲ ಕೇಳಿದವರು ಹಾಡುತ್ತಿರುವುದು ಗಂಡಸು ಅಂದುಕೊಳ್ಳುವಷ್ಟು ಗಡಸು. ಆದರೆ 1930ರ ದಶಕದ ಆರಂಭದ ಅವರ ಗ್ರಾಮಫೋನ್ ರೆಕಾರ್ಡುಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಹೆಣ್ಣು ದನಿ. ಆಮೇಲೆ ಗಂಟಲಿನ ತೊಂದರೆಯಾಗಿ, ಚಿಕಿತ್ಸೆಯ ನಂತರ ದನಿ ಇಳಿದು ದಪ್ಪವಾಯಿತು. ಹಾಡುಗಾರ್ತಿಗೆ ದನಿ ಹೋಗುವುದು ಅಂದರೆ ಮೇಷ್ಟ್ರಿಗೆ ಶಾಲೆ ಹೋದದ್ದಕ್ಕಿಂತ ದೊಡ್ಡದು. ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಕಲಿತ ಸಂಗೀತವನ್ನು ಅವರು ಆ ಹೊಸ ದನಿಯಲ್ಲೇ ಹಾಡಿದರು, ದಶಕಗಳ ಕಾಲ. ಇವತ್ತು ಗಂಗೂಬಾಯಿ ಅಂದರೆ ನಮ್ಮ ಕಿವಿಗೆ ಬರುವುದು ಆ ಎರಡನೇ ದನಿ. ಮೊದಲನೆಯದನ್ನು ಹುಡುಕಿ ಕೇಳಬೇಕು. ಅವರ ಮನಸ್ಸಿನಲ್ಲಿ ಏನಿತ್ತೋ ನಾನು ಹೇಳಲಾರೆ. ಆದರೆ ಹಳೆಯ ದನಿಯ ಹಾಗೆ ಹಾಡಲು ಹೋಗಲಿಲ್ಲ ಅನ್ನುವುದು ರೆಕಾರ್ಡುಗಳಲ್ಲೇ ಕೇಳುತ್ತದೆ.

ನಿಮ್ಮ ಎರಡನೇ ದನಿ ಯಾವುದು ಅಂತ ನಾನು ಇಲ್ಲಿ ಕೂತು ಹೇಳಲಾರೆ. ಒಂದು ಸುಳಿವು ಮಾತ್ರ ಕೊಡಬಲ್ಲೆ. ಇಷ್ಟು ವರ್ಷ ನೀವು ಹೇಳಿಕೊಟ್ಟಿದ್ದೀರಿ. ಕಲಿತು ಬಹಳ ದಿನವಾಗಿದೆ. ನಿಮಗೆ ಏನೂ ಬರದ, ನಿಮ್ಮನ್ನು ಯಾರೂ ಸಾರ್ ಅನ್ನದ ಒಂದು ಜಾಗಕ್ಕೆ ಹೋಗಿ ಕಲಿಯಿರಿ. ಪಕ್ಕದ ಮನೆಯ ಚಪ್ಪರದಲ್ಲಿ ರಾತ್ರಿ ಅಡಿಕೆ ಸುಲಿಯುವವರ ಸಾಲಿನಲ್ಲಿ ಒಂದು ಮಣೆ ಹಾಕಿಕೊಂಡು ಕೂರಿ. ಮೊದಲ ದಿನ ಬೆರಳು ಕುಯ್ದುಕೊಳ್ಳುತ್ತೀರಿ, ಎಲ್ಲರೂ ನಗುತ್ತಾರೆ. 8:30ಕ್ಕೆ ಮಲಗುವ ಸಮಸ್ಯೆಯೂ ಹೋಗುತ್ತದೆ.

ಮಕ್ಕಳ ವಿಷಯ ನೀವೇ ಒಂದೊಂದು ಸಾಲಿನಲ್ಲಿ ಬರೆದಿದ್ದೀರಿ, ನಾನೂ ಜಾಸ್ತಿ ಹೇಳುವುದಿಲ್ಲ. ರೆಕ್ಕೆ ಬಲಿತ ಮೇಲೆ ಹಾರಿದ್ದಾರೆ. ವಾರಕ್ಕೊಂದು ದಿನ, ಒಂದು ಹೊತ್ತು ಅಂತ ಫೋನಿಗೆ ಗೊತ್ತು ಮಾಡಿಕೊಳ್ಳಿ, ದಿನಾ ಕಾಯುವುದು ತಪ್ಪುತ್ತದೆ.

ಕೊನೆಗೆ ಅಡುಗೆಮನೆ. ನಿಮಗೆ ಅದರಲ್ಲಿ ಅವಮಾನವಾಗಿದೆ ಅಂತ ಕಾಣುತ್ತದೆ. ಆಕೆಯ ಕಡೆಯಿಂದ ಒಂದು ಸಲ ನೋಡಿ. ಇಷ್ಟು ವರ್ಷ ನೀವು ಶಾಲೆಗೆ ಹೋದ ಮೇಲೆ ಸಂಜೆ ತನಕ ಆ ಮನೆ ಆಕೆಯದೊಂದೇ ಆಗಿತ್ತು. ಯಾವಾಗ ಊಟ, ಯಾವಾಗ ಒರಗುವುದು, ಯಾರ ಜೊತೆ ಹರಟೆ, ಎಲ್ಲ ಅವರದೇ ಟೈಮ್‌ಟೇಬಲ್. ಈಗ ಅಲ್ಲಿಗೆ ಒಬ್ಬ ಹೆಡ್‌ಮಾಸ್ಟರು ವರ್ಗವಾಗಿ ಬಂದಿದ್ದಾರೆ. ಡಬ್ಬ ಪರಿಶೀಲನೆ ಮಾಡುತ್ತಿದ್ದಾರೆ. ನಿವೃತ್ತಿಯಾದದ್ದು ನೀವು, ಆದರೆ ಕೆಲಸದ ಜಾಗ ಬದಲಾದದ್ದು ಅವರಿಗೂ. ಅವರಿಗಂತೂ ಶಾಲೂ ಹೊದಿಸಲಿಲ್ಲ. ಜಪಾನಿನಲ್ಲಿ 1990ರ ದಶಕದ ಆರಂಭದಲ್ಲಿ ಒಬ್ಬ ವೈದ್ಯರು, ಗಂಡ ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೆ ಹೆಂಡತಿಯರಿಗೆ ತಲೆನೋವು, ಹೊಟ್ಟೆನೋವು, ನಿದ್ದೆಗೇಡು ಶುರುವಾಗುವುದನ್ನು ಗಮನಿಸಿ ಅದಕ್ಕೊಂದು ಹೆಸರನ್ನೇ ಇಟ್ಟರು. ಅಲ್ಲಿನ ಹೆಂಗಸರು ಅಂಥ ಗಂಡಂದಿರನ್ನು "ನುರೆ ಓಚಿಬಾ" ಅನ್ನುತ್ತಾರಂತೆ. ಅಂದರೆ ಒದ್ದೆ ತರಗೆಲೆ. ಮಳೆಗಾಲದಲ್ಲಿ ಸಾಗರದ ಅಂಗಳ ಗುಡಿಸಿದವರಿಗೆ ನಾನು ಇದನ್ನು ವಿವರಿಸಬೇಕಾಗಿಲ್ಲ. ಪೊರಕೆಗೆ ಅಂಟುತ್ತದೆ, ನೆಲಕ್ಕೂ ಅಂಟುತ್ತದೆ, ಎಷ್ಟು ಗುಡಿಸಿದರೂ ಹೋಗುವುದಿಲ್ಲ.

ನಿಮ್ಮ ಮನೆಯವರು ಒಳಗೆ ಬರಲೇಬೇಡಿ ಅಂದದ್ದು ಇನ್‌ಸ್ಪೆಕ್ಟರಿಗೆ. ಶಿಷ್ಯನಾಗಿ ಹೋಗಿ ನೋಡಿ. "ಒಂದು ತಂಬುಳಿ ಮಾಡುವುದು ಹೇಳಿಕೊಡು" ಅಂತ ಕೇಳಿ. ಹೇಳಿದ ಹಾಗೆ ಮಾಡಿ. ಹೀಗೆ ಮಾಡಿದರೆ ಬೇಗ ಆಗುತ್ತಿತ್ತಲ್ಲ ಅಂತ ಬಾಯಿ ಬಿಡಬೇಡಿ. ಬೆಳಿಗ್ಗೆ ಹತ್ತರಿಂದ ಹನ್ನೆರಡರ ತನಕ ಮನೆಯಿಂದ ಹೊರಗೆ ಹೋಗಿ, ಲೈಬ್ರರಿಗೋ, ಪೇಟೆಗೋ, ಸ್ನೇಹಿತರ ಮನೆಗೋ. ಆ ಎರಡು ಗಂಟೆ ಆಕೆಗೆ ಬೇಕು. ನೀವು ಈ ಪತ್ರ ಬರೆದದ್ದು ಅವರಿಗೆ ಗೊತ್ತಾ? ಗೊತ್ತಿಲ್ಲದಿದ್ದರೆ ಗಂಟೆಯ ವಿಷಯ ಅವರಿಗೂ ಹೇಳಿ. ಟಿವಿ ಯಾಕೆ ಅಷ್ಟು ಜೋರು ಅಂತ ಅವರಿಗೆ ಇವತ್ತಿನವರೆಗೂ ಗೊತ್ತಿರಲಿಕ್ಕಿಲ್ಲ.

ಇಸಿಜಿ, ಬಿ12, ಕಿವಿ, ಮೂರನ್ನೂ ಈ ವಾರವೇ ಮುಗಿಸಿ. ಎರಡು ವಾರ ಬಿಟ್ಟು ಆ ನೋಟ್‌ಬುಕ್ಕಿನಲ್ಲಿ ಏನು ಬಂತು ಅಂತ ಬರೆಯಿರಿ. ಮತ್ತೆ, ಆ ಡಬ್ಬಗಳ ಮೇಲಿನ ಚೀಟಿ ಕಿತ್ತು, ಮೊದಲು ಎಲ್ಲೆಲ್ಲಿದ್ದವೋ ಅಲ್ಲೇ ಇಟ್ಟುಬಿಡಿ. ಎಲ್ಲಿದ್ದವು ಅಂತ ಮರೆತಿದ್ದರೆ ಅವರನ್ನೇ ಕೇಳಿ.